ಹಸಿರಂಗಿಗೆ ಕೊಟ್ಟ ಪಾಸ್

"ಚಿಕ್ಕಮ್ಮ, ಬಾಲ್ ಬಿಟ್ಟು ಆ ಕಡೆ ಓಡಿ. ಅಲ್ಲಲ್ಲ, ಆ ಕಡೆ ಅಂದ್ರೆ ನಿಮ್ಮ ಎಡಕ್ಕೆ."

ಹೆಡ್‌ಫೋನಿನಲ್ಲಿ ಕ್ಯಾಪ್ಟನ್ ತಾಳ್ಮೆ ಕಳೆದುಕೊಳ್ಳದೆ ಹೇಳುತ್ತಲೇ ಇದ್ದ. ನಾನು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತಲೇ ಇದ್ದೆ. ಪರದೆಯ ಮೇಲೆ ನನ್ನ ಆಟಗಾರ ಮೈದಾನದ ಗೆರೆ ದಾಟಿ, ಜಾಹೀರಾತಿನ ಹಲಗೆಗೆ ಮೂಗು ತಾಗಿಸಿಕೊಂಡು, ನಿಂತಲ್ಲೇ ಓಡುತ್ತಿದ್ದ.

ಐವತ್ತು ದಾಟಿದ ಮೇಲೆ ಇದೊಂದು ಬಾಕಿ ಇತ್ತು ನನಗೆ. ಲೀಗ್‌ಗೆ ಸೇರುವಾಗ ಆಟದ ಹೆಸರು ಕೇಳಿದ್ದರು. ತಮಾಷೆಗೆ 'ಚಿಕ್ಕಮ್ಮ' ಎಂದು ಬರೆದಿದ್ದೆ. ಈಗ ಮುಖ ಕಾಣದ ಒಂದು ದಂಡು ಗಂಡಸರು ಎಲ್ಲೆಲ್ಲಿಂದಲೋ ಚಿಕ್ಕಮ್ಮ, ಚಿಕ್ಕಮ್ಮ ಎಂದು ನನ್ನನ್ನು ಗದರುತ್ತಿದ್ದರು.

ಇದು ಹನ್ನೊಂದು ಜನ ಹನ್ನೊಂದು ಮನೆಗಳಲ್ಲಿ ಕೂತು ಒಂದೇ ತಂಡವಾಗಿ ಆಡುವ ಫುಟ್‌ಬಾಲ್. ಒಬ್ಬೊಬ್ಬರ ಕೈಯಲ್ಲಿ ಒಬ್ಬೊಬ್ಬ ಆಟಗಾರ. ಬಂದವರನ್ನೆಲ್ಲ ಸೇರಿಸಿಕೊಳ್ಳುವುದಿಲ್ಲ. ಮೊದಲು ಬೇರೆ ತಂಡದ ಎದುರು ಒಂದು ಆಯ್ಕೆ ಪಂದ್ಯ ಆಡಿ ತೋರಿಸಬೇಕು. ನಾನು ತೋರಿಸುತ್ತಿದ್ದುದು ಅದನ್ನೇ.

ಆದರೆ ನಾನು ಪತ್ತೇದಾರಿ, ಬಂದದ್ದು ಆಡುವುದಕ್ಕಲ್ಲ. ನನ್ನ ಹಿಂದೆ ಗೋಲಿನ ಮುಂದೆ ನಿಂತಿದ್ದ ಗೋಲ್‌ಕೀಪರ್‌ನನ್ನು ನೋಡುವುದಕ್ಕೆ. ತಂಡದಲ್ಲಿ ಅವನ ಹೆಸರು 'ಗೋಡೆ'. ಅವನನ್ನು ಆಡಿಸುತ್ತಿದ್ದವರು ಒಬ್ಬ ಬೀಗದ ಅಂಗಡಿಯವರು. ಯಾರದೋ ಬಾಗಿಲು ತೆಗೆದುಕೊಡಬೇಕೆಂದು ಫೋನು ಬಂದು ಮನೆಯಿಂದ ಹೊರಟವರು, ತಿಂಗಳಾದರೂ ಹಿಂತಿರುಗಿರಲಿಲ್ಲ.

ಅವರು ಬರಲಿಲ್ಲ. ಆದರೆ ಅವರ ಗೋಲ್‌ಕೀಪರ್ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ.

ಸಬ್‌ಇನ್ಸ್‌ಪೆಕ್ಟರ್ ಅವರ ಹೆಂಡತಿಯ ದೂರು ಕೇಳಿ ಹಿಡಿದುಕೊಂಡದ್ದು ಇದನ್ನೇ. ವಾರ ವಾರ ಕೂತು ಆಟ ಆಡುವ ಮನುಷ್ಯನಿಗೆ ಏನಾಗಿದೆ, ಮನೆ ಬೇಡವಾಗಿದೆ ಅಷ್ಟೇ, ಅಂದಿದ್ದರು. ಆಡುತ್ತಿರುವವನು ಬೇರೆ ಯಾರೋ ಎಂದು ತೋರಿಸಿಕೊಟ್ಟರೆ ಗೇಮ್ ಕಂಪನಿಯಿಂದ ವಿಳಾಸ ತರಿಸಿ ಹುಡುಕುತ್ತೇನೆ, ಅವನೇ ಎಂದಾದರೆ ಫೈಲು ಮುಚ್ಚುತ್ತೇನೆ, ಗಂಡ ಹೆಂಡಿರ ಜಗಳಕ್ಕೆ ಪೊಲೀಸರು ಕಾಯುತ್ತಾ ಕೂರುವುದಕ್ಕಾಗುವುದಿಲ್ಲ ಎಂದೂ ಹೇಳಿದ್ದರು. ಒಟ್ಟಿನಲ್ಲಿ ಒಬ್ಬ ಮನುಷ್ಯನನ್ನು ಹುಡುಕಬೇಕೋ ಬೇಡವೋ ಎಂಬುದು ಆ ಗೋಲ್‌ಕೀಪರ್ ಯಾರು ಎಂಬುದರ ಮೇಲೆ ನಿಂತಿತ್ತು.

ನಾನು ಕೂತಿದ್ದದ್ದು ಅವರದೇ ಕುರ್ಚಿಯಲ್ಲಿ. ಅಂಗಡಿಯ ಹಿಂದಿನ ಪುಟ್ಟ ಕೋಣೆ. ಗೋಡೆಯ ಮೊಳೆಗಳಿಗೆ ಇನ್ನೂ ಹಲ್ಲು ಕೊರೆಯದ ಕೀಗಳು ಸಾಲಾಗಿ ತೂಗುತ್ತಿದ್ದವು. ಕೀ ಕೊರೆಯುವ ಮೆಷಿನ್ನಿನ ಕೆಳಗೆ ಹಿತ್ತಾಳೆಯ ಪುಡಿ ಹಾಗೇ ಬಿದ್ದಿತ್ತು. ಅವರೇ ಬಂದು ಗುಡಿಸಲಿ ಎಂದು ಹೆಂಡತಿ ಅದನ್ನು ಮುಟ್ಟಿರಲಿಲ್ಲ.

ಆಕೆ ಈಗ ನನ್ನ ಬೆನ್ನ ಹಿಂದೆ ನಿಂತು ಪರದೆಯನ್ನು ನುಂಗುವ ಹಾಗೆ ನೋಡುತ್ತಿದ್ದಳು. ಆಟ ಗೊತ್ತೇನಮ್ಮ ನಿನಗೆ ಎಂದು ಮೊದಲ ದಿನ ಕೇಳಿದ್ದೆ.

"ಈ ಆಟ ನನ್ನ ಸವತಿ, ಅಕ್ಕ," ಅಂದಿದ್ದಳು. "ಆಡಕ್ಕೆ ಬರಲ್ಲ. ಆದ್ರೆ ಸವತಿ ನಡೆ ನುಡಿ ಗೊತ್ತಿಲ್ದೆ ಇರತ್ತಾ?"

ಎದುರಿನ ತಂಡದವರು ಹಸಿರು ಜರ್ಸಿ ಹಾಕಿದ್ದರು. ನಮ್ಮವರು ಕೆಂಪು. ಆಟಗಾರರ ತಲೆಯ ಮೇಲೆ ಹೆಸರು ತೋರಿಸುವುದಕ್ಕೆ ಈ ಲೀಗ್‌ನಲ್ಲಿ ಅವಕಾಶವಿಲ್ಲ. ತನ್ನವರು ಯಾರು, ಎದುರಿನವರು ಯಾರು ಎಂಬುದನ್ನು ಬಣ್ಣ ನೋಡಿಯೇ ತಿಳಿಯಬೇಕು.

ಚೆಂಡು ಗೋಡೆಯ ಕೈಗೆ ಹೋಯಿತು. ಒಂದು ಕ್ಷಣವೂ ತಡೆಯದೆ, ಹಸಿರಂಗಿಯ ಇಬ್ಬರ ನಡುವಿನಿಂದ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ದೂರದಲ್ಲಿದ್ದ ಕೆಂಪಂಗಿಗೆ ಅವನು ಚೆಂಡು ತಲುಪಿಸಿದ. ಮತ್ತೊಮ್ಮೆ ಬಂತು. ಮತ್ತೂ ಕೆಂಪಂಗಿಗೇ ಹೋಯಿತು.

ನನ್ನ ಭುಜದ ಮೇಲಿದ್ದ ಆಕೆಯ ಕೈ ಬಿಗಿಯಾಯಿತು.

ಬೀಗದ ಅಂಗಡಿಯವರಿಗೆ ಕೆಂಪು ಯಾವುದು ಹಸಿರು ಯಾವುದು ಎಂದು ತಿಳಿಯುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಬೀಗದ ಜೊತೆಗೆ ಕಳ್ಳರು ಬಂದರೆ ಕೂಗುವ ಅಲಾರಂನ ವೈರಿಂಗ್ ಕೆಲಸವನ್ನೂ ಮಾಡುವವರಾದ್ದರಿಂದ ಈ ವಿಷಯ ಹೊರಗೆ ಗೊತ್ತಾದರೆ ಗಿರಾಕಿಗಳು ಓಡಿಹೋಗುತ್ತಾರೆ ಎಂದು ಮುಚ್ಚಿಟ್ಟಿದ್ದರು. ಹೆಂಡತಿಗೆ ಗೊತ್ತಿತ್ತು. ತಂಡದ ಕ್ಯಾಪ್ಟನ್‌ಗೆ ಗುಟ್ಟಾಗಿ ಹೇಳಿದ್ದರು. ಅವರಿಗೋಸ್ಕರವೇ ಆ ತಂಡ ಯಾವಾಗಲೂ ಬಿಳಿ ಜರ್ಸಿಯಲ್ಲಿ ಆಡುತ್ತಿತ್ತು. ಬಿಳಿ ನಮಗೆ ಅದೃಷ್ಟ ಎಂದು ಕ್ಯಾಪ್ಟನ್ ಉಳಿದವರಿಗೆಲ್ಲ ಪುಂಗಿ ಊದಿದ್ದನಂತೆ.

ಆ ಬಿಳಿ ಜರ್ಸಿ ಈಗ ಇದ್ದಕ್ಕಿದ್ದ ಹಾಗೆ ಕೆಂಪಾಗಿತ್ತು.

ಅಷ್ಟರಲ್ಲಿ ನನ್ನ ಕೃಪೆಯಿಂದ ಹಸಿರಿನವರು ಗೋಲು ಹೊಡೆದರು. ಎಲ್ಲರೂ ಹೊಡೆದವನ ಕುಣಿತ ನೋಡುತ್ತಿದ್ದರೆ ನಾನು ಹಿಂದಕ್ಕೆ ತಿರುಗಿ ಗೋಲ್‌ಕೀಪರ್‌ನನ್ನು ನೋಡಿದೆ. ಅವನು ಏನೂ ಆಗದವನಂತೆ ಮತ್ತೆ ಆಟಕ್ಕೆ ಸಿದ್ಧವಾಗಿ ನಿಂತಿದ್ದ.

"ನೋಡಿದ್ರಾ ಅಕ್ಕ," ಎಂದಳು ಆಕೆ ಕಿವಿಯ ಹತ್ತಿರ ಬಗ್ಗಿ. "ಗೋಲು ಬಿಟ್ರೆ ನಮ್ಮನೆಯವರಿಗೆ ಮುನಿಸು. ಬಲೆ ಕಡೆ ಮುಖ ಮಾಡಿ ನಿಂತುಬಿಡ್ತಾರೆ, ಯಾರು ಕರೆದ್ರೂ ಇಲ್ಲ. ಮನೇಲೂ ಹಂಗೇ. ಮಾತಿಗೆ ಮಾತು ಬೆಳೆದ್ರೆ ಗೋಡೆ ಕಡೆ ತಿರುಗಿ ನಿಲ್ತಾರೆ. ಟೀಮ್‌ನೋರು ಗೋಡೆ ಅಂತ ಹೆಸರಿಟ್ಟಿದ್ದು ಬೇರೆ ಕಾರಣಕ್ಕೆ. ನಾನು ನಕ್ಕಿದ್ದು ಈ ಕಾರಣಕ್ಕೆ."

ನಗು ಎಂದಳೇ ಹೊರತು ಅವಳ ಮುಖದಲ್ಲಿ ನಗುವಿರಲಿಲ್ಲ. ಗಂಡನ ಕೈಯಲ್ಲಿರಬೇಕಾದ ಗೋಲ್‌ಕೀಪರ್ ಇನ್ನೊಬ್ಬನ ಕೈಯಲ್ಲಿ ಇಷ್ಟು ಚೆನ್ನಾಗಿ ಆಡುವುದನ್ನು ನೋಡುವುದು ಯಾವ ಹೆಂಡತಿಗೂ ಬೇಡ.

ನಮ್ಮಿಬ್ಬರಿಗೂ ಖಾತ್ರಿಯಾಯಿತು. ಆದರೆ ಆಯ್ಕೆ ಪಂದ್ಯ ಎಲ್ಲೂ ದಾಖಲಾಗುವುದಿಲ್ಲ. ಲೀಗ್ ಪಂದ್ಯ ಮಾತ್ರ ದಾಖಲಾಗುತ್ತದೆ, ಯಾರು ಬೇಕಾದರೂ ಮತ್ತೆ ಹಾಕಿ ನೋಡಬಹುದು. ಸಬ್‌ಇನ್ಸ್‌ಪೆಕ್ಟರಿಗೆ ಬೇಕಾದದ್ದು ಅಂಥದ್ದು.

ಇನ್ನೊಂದು ಪ್ರಶ್ನೆ ನನ್ನ ತಲೆಗೆ ಹುಳ ಬಿಟ್ಟಿತ್ತು. ಬಿಳಿಯನ್ನು ಕೆಂಪು ಮಾಡಿದವನು ಕ್ಯಾಪ್ಟನ್. ಯಾಕೆ ಮಾಡಿದ?

ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅವನು ಮಾತಾಡುವಾಗಲೆಲ್ಲ ಹಿಂದೆ ಬುಸ್ಸೆಂದು ಹಬೆ ಬಿಡುವ ಸದ್ದು ಕೇಳುತ್ತಿತ್ತು. ನಡುವೆ ಒಮ್ಮೆ ಮೈಕ್ ಆಫ್ ಮಾಡುವುದನ್ನು ಮರೆತು, ಆಸ್ಪತ್ರೆಯ ದಿಂಬಿನ ಕವರುಗಳನ್ನು ಹೋಟೆಲಿನವುಗಳ ಜೊತೆ ಬೆರೆಸಬೇಡಿ ಎಂದು ಯಾರಿಗೋ ಹೇಳಿದ್ದ. ಆಸ್ಪತ್ರೆಗೂ ಹೋಟೆಲಿಗೂ ಬಟ್ಟೆ ಒಗೆದುಕೊಡುವಷ್ಟು ದೊಡ್ಡ ಲಾಂಡ್ರಿ ಈ ಊರಿನಲ್ಲಿ ಇರುವುದು ಒಂದೇ.

ಮರುದಿನ ಮಧ್ಯಾಹ್ನ, ಹೇಳದೆ ಕೇಳದೆ, ನಾನು ಅಲ್ಲಿಗೆ ಹೋದೆ.

* * *

ಒಳಗೆ ಕಾಲಿಟ್ಟರೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಆಳೆತ್ತರದ ಡ್ರಮ್ಮುಗಳು ಒಂದೇ ಸಮನೆ ತಿರುಗುತ್ತಿದ್ದವು. ಇಬ್ಬಿಬ್ಬರು ಹೆಂಗಸರು ಹಾಸಿಗೆಯ ಹೊದಿಕೆಗಳ ಮೂಲೆ ಹಿಡಿದು, ಒದರಿ, ಬಿಸಿ ರೋಲರಿನ ಬಾಯಿಗೆ ಕೊಡುತ್ತಿದ್ದರು. ಅವು ಆ ಕಡೆಯಿಂದ ಸುಕ್ಕಿಲ್ಲದೆ ಹೊರಬರುತ್ತಿದ್ದವು. ಬಿಳಿ ಬಟ್ಟೆಗೆ ಬೇರೆ ತೊಟ್ಟಿ, ಬಣ್ಣದ ಬಟ್ಟೆಗೆ ಬೇರೆ ತೊಟ್ಟಿ.

ಮೇಲಂತಸ್ತಿಗೆ ಹೋಗುವ ಕಬ್ಬಿಣದ ಮೆಟ್ಟಿಲ ಕೆಳಗೆ ಗಾಜಿನ ಕೋಣೆಯೊಂದಿತ್ತು. ಮೇಲ್ವಿಚಾರಕ ಅಲ್ಲಿ ಕೂತಿದ್ದ. ತೆಳ್ಳನೆಯ ಆಳು, ನಲವತ್ತರ ಆಸುಪಾಸು, ಅಂಗಿಯ ತೋಳಿನ ಇಸ್ತ್ರಿ ಗೆರೆ ಬೆರಳು ಕುಯ್ಯುವಷ್ಟು ಚೂಪು. ನಾನು ಬಾಯಿ ತೆರೆಯುವ ಮೊದಲೇ, ಬಟ್ಟೆ ಕಳೆದುಹೋಗಿದ್ದರೆ ಹೊರಗಿನ ಕೌಂಟರಿನಲ್ಲಿ ಕೇಳಿ ಎಂದ.

"ಬಟ್ಟೆ ಅಲ್ಲ, ಗೋಲ್‌ಕೀಪರ್ ಕಳೆದುಹೋಗಿದ್ದಾರೆ," ಅಂದೆ. "ನಾನು ಚಿಕ್ಕಮ್ಮ."

ಅವನು ಒಂದು ಕ್ಷಣ ದಿಟ್ಟಿಸಿ ನೋಡಿ, ಆಮೇಲೆ ನಕ್ಕ. ಎದ್ದು ಕುರ್ಚಿ ಎಳೆದುಕೊಟ್ಟ. ನಾನು ಪತ್ತೇದಾರಿ ಎಂದೂ, ಬೀಗದ ಅಂಗಡಿಯವರ ಹೆಂಡತಿಯ ಪರವಾಗಿ ಬಂದಿದ್ದೇನೆಂದೂ ಹೇಳಿದಾಗ ನಗು ಆರಿತು. ಆದರೆ ಗಾಬರಿಯೇನೂ ಕಾಣಲಿಲ್ಲ.

ಅದೇ ಹೊತ್ತಿಗೆ ಕೆಲಸದ ಹೆಂಗಸೊಬ್ಬಳು ಟ್ರೇಯಲ್ಲಿ ಎರಡು ಲೋಟ ಟೀ ತಂದಳು. ಅವನು ಒಂದನ್ನು ತಾನು ತೆಗೆದುಕೊಂಡು ಇನ್ನೊಂದನ್ನು ನನ್ನ ಕಡೆ ಸರಿಸಿದ. ಆಕೆ ಏನೋ ಹೇಳಲು ಬಾಯಿ ತೆರೆದವಳು, ಅವನ ಮುಖ ನೋಡಿ, ಖಾಲಿ ಟ್ರೇ ಎದೆಗವಚಿಕೊಂಡು ಹೋದಳು. ಬಿಸಿಲಲ್ಲಿ ನಡೆದು ಬಂದ ನನಗೆ ಟೀ ಬೇಕಾಗಿತ್ತು. ಕುಡಿದೆ.

ಗೋಡೆ ಈಗ ಎಲ್ಲಿಂದ ಆಡುತ್ತಿದ್ದಾರೆ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಮೈಕ್ ಕೆಟ್ಟಿದೆ ಎಂದು ಬರೆದು ತಿಳಿಸಿದ್ದರಂತೆ, ಆಮೇಲೆ ದನಿ ಕೇಳಿಲ್ಲವಂತೆ. ಮನೆ ಬಿಟ್ಟ ವಿಷಯ ಪೊಲೀಸರು ಬಂದು ಕೇಳಿದಾಗಲೇ ತಿಳಿದದ್ದಂತೆ. ಮನೆಯೊಳಗಿನ ಜಗಳದಲ್ಲಿ ತಾನು ಮೂಗು ತೂರಿಸಲಿಲ್ಲವಂತೆ. ಎಲ್ಲ ಉತ್ತರಗಳೂ ರೋಲರಿನಿಂದ ಬಂದ ಹಾಗೆ ಇಸ್ತ್ರಿ ಆಗಿಯೇ ಬರುತ್ತಿದ್ದವು.

"ಜರ್ಸಿ ಬಿಳಿ ಇತ್ತಲ್ಲ," ಅಂದೆ. "ಕೆಂಪು ಯಾಕಾಯ್ತು?"

ಅವನು ಲೋಟವನ್ನು ಮೇಜಿನ ಮೇಲಿಟ್ಟ.

"ಕೊನೇ ಹಂತದಲ್ಲಿ ಎಲ್ಲ ಟೀಮೂ ನೋಂದಾಯಿಸಿದ ಬಣ್ಣನೇ ಹಾಕ್ಬೇಕು ಅಂತ ಲೀಗ್‌ನೋರು ಹೇಳಿದ್ರು. ನಮ್ದು ಕೆಂಪು."

"ಅವರಿಗೆ ಕೆಂಪು ಹಸಿರು ಗೊತ್ತಾಗಲ್ಲ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಕೇಳ್ದೆ. ಕೆಂಪಾದ್ರೆ ಕಷ್ಟ ಆಗಲ್ವಾ ಅಂತ. ಕಷ್ಟ ಏನು, ಯಾವ ಬಣ್ಣ ಆದ್ರೇನು ಅಂತ ಬರೆದ." ಅವನು ಗಾಜಿನಾಚೆ ತಿರುಗುತ್ತಿದ್ದ ಡ್ರಮ್ಮನ್ನು ನೋಡಿದ. "ಆವತ್ತೇ ಅನುಮಾನ ಬಂತು ಮೇಡಂ."

"ಬಂದ ಮೇಲೆ?"

"ಸುಮ್ನಿದ್ದೆ."

ಯಾಕೆ ಎಂದು ನಾನು ಕೇಳಬೇಕಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಡಿದ್ದು ಗೊತ್ತಾದರೆ ಇಡೀ ತಂಡವನ್ನೇ ಲೀಗ್‌ನಿಂದ ಹೊರಗೆ ಹಾಕುತ್ತಾರೆ. ಅವರ ತಂಡ ಈಗ ಎಲ್ಲರಿಗಿಂತ ಮೇಲಿದೆ. ಇನ್ನು ಸ್ವಲ್ಪವೇ ಬಾಕಿ, ಕಪ್ ಅವರದೇ.

ಆ ಕಪ್ಪನ್ನು ಕೈಯಲ್ಲಿ ಹಿಡಿಯುವುದಕ್ಕೂ ಆಗುವುದಿಲ್ಲ. ಅದು ಪರದೆಯ ಮೇಲಿನ ಒಂದು ಚಿತ್ರ. ಆ ಚಿತ್ರಕ್ಕಾಗಿ ಇವನು ಒಬ್ಬ ಗೆಳೆಯ ಸತ್ತನೋ ಬದುಕಿದನೋ ಎಂದು ಕೇಳದೆ ಕೂತಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ನಾಲಿಗೆ ನನ್ನ ಮಾತನ್ನೇ ಕೇಳುವುದಿಲ್ಲ.

"ಇವತ್ತು ಸಂಜೆ ಲೀಗ್ ಮ್ಯಾಚ್ ಇದೆಯಲ್ಲ. ಎದುರಿನವರು ಹಸಿರು ತಾನೇ?" ಅಂದೆ. "ಆಡೋರು ನಿಜವಾದ ಗೋಡೆ ಆದ್ರೆ ತಡಬಡಾಯಿಸಿ ಹಸಿರಿನವರಿಗೇ ಪಾಸ್ ಕೊಡ್ತಾರೆ. ಕೊಡ್ಲಿಲ್ಲ ಅನ್ನಿ, ನಾಳೆ ಬೆಳಗ್ಗೆ ಆ ಮ್ಯಾಚ್ ತಗೊಂಡು ಹೋಗಿ ಸಬ್‌ಇನ್ಸ್‌ಪೆಕ್ಟರ್ ಮುಂದೆ ಹಾಕ್ತೀನಿ. ಹೆಂಡತಿ ಜೊತೆಗೆ ಬಂದು ಗಂಡನ ಕಣ್ಣಿನ ಕಥೆ ಹೇಳ್ತಾಳೆ. ಆಮೇಲೆ ನಿಮ್ಮ ಕಪ್ಪಿನ ಗತಿ ನೀವೇ ನೋಡ್ಕೊಳ್ಳಿ."

ಹೊರಗೆ ರೋಲರು ಬುಸ್ಸೆಂದು ಹಬೆ ಬಿಟ್ಟಿತು. ಅಂಗಿಯ ತೋಳಿನ ಗೆರೆಯನ್ನು ಬೆರಳಿನಿಂದ ಸವರುತ್ತಾ ಕೂತಿದ್ದವನು ಕೊನೆಗೆ ತಲೆ ಎತ್ತಿದ.

"ನೀವು ಹೇಳೋದು ಸರಿ ಮೇಡಂ. ತಪ್ಪು ನಂದೇ." ದನಿ ಮೆತ್ತಗಾಗಿತ್ತು. "ಒಂದು ಕೆಲ್ಸ ಮಾಡಿ. ಸಂಜೆ ನೀವೂ ಆಡಿ. ಗೋಲಿನ ಮುಂದೇ ನಿಲ್ಲಿಸ್ತೀನಿ. ಹತ್ತಿರದಿಂದ ನಿಮ್ಮ ಕಣ್ಣಾರೆ ನೋಡಿ."

ನಾನು ಒಪ್ಪಿದೆ. ಪಾಪ, ಕೊನೆಗಾದರೂ ಬುದ್ಧಿ ಬಂತು ಎಂದುಕೊಂಡೇ ಹೊರಬಂದೆ. ಬಾಗಿಲ ಹತ್ತಿರ ಟೀ ತಂದ ಹೆಂಗಸು ದಿಂಬಿನ ಕವರು ಮಡಿಸುತ್ತಾ ನಿಂತಿದ್ದಳು. ನನ್ನನ್ನು ನೋಡಿದವಳು, ನಾನು ತಿರುಗಿ ನೋಡಿದ ಕೂಡಲೇ ಕಣ್ಣು ತಗ್ಗಿಸಿದಳು. ಯಾಕೋ ಏನೋ ಎಂದು ನಡೆದುಬಿಟ್ಟೆ.

* * *

ಸಂಜೆ ಅಂಗಡಿಯ ಬಾಗಿಲು ಹಾಕಿ ಆಕೆ ಒಳಗೆ ಬಂದಳು. ಇಡೀ ದಿನ ಮೆಷಿನ್ ಮುಟ್ಟದೆ ಅರದಿಂದಲೇ ಕೀ ಉಜ್ಜಿ ಕೈಗೆಲ್ಲ ಹಿತ್ತಾಳೆಯ ಬಣ್ಣ ಹತ್ತಿತ್ತು. ತೊಳೆಯದೆ ಹಾಗೇ ಕುರ್ಚಿಯ ಬೆನ್ನು ಹಿಡಿದು ನಿಂತಳು. ಲಾಂಡ್ರಿಯಲ್ಲಿ ನಡೆದದ್ದನ್ನು ಹೇಳಿದ್ದೆ. ಇವತ್ತಿನದೊಂದು ಮುಗಿದರೆ ನಾಳೆಯಿಂದ ಪೊಲೀಸರು ಹುಡುಕುತ್ತಾರಲ್ಲ ಅಕ್ಕ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಹುಡುಕುತ್ತಾರೆ ಎಂದು ನಾನೂ ಅಷ್ಟೇ ಸಲ ಹೇಳಿದೆ.

ಆಟ ಶುರುವಾಯಿತು. ನಾನು ಗೋಲಿನ ಮುಂದೆ, ಗೋಡೆಗೆ ಹತ್ತಿರವಾಗಿ ನಿಂತಿದ್ದೆ. ಇವತ್ತು ಹಲಗೆಗೆ ಢಿಕ್ಕಿ ಹೊಡೆಯದೆ ನಿಲ್ಲುವಷ್ಟು ಕಲಿತಿದ್ದೆ.

ಚೆಂಡು ಗೋಡೆಯ ಕೈಗೆ ಬಂತು. ಅವನು ಕೊಡದೆ ತಡೆದು ನಿಂತ. ಈ ಕಡೆ ತಿರುಗಿದ, ಆ ಕಡೆ ತಿರುಗಿದ. ಆಮೇಲೆ ಚೆಂಡನ್ನು ನೇರವಾಗಿ ಹಸಿರಂಗಿಯವನ ಕಾಲಿಗೆ ಕೊಟ್ಟ.

ಕೈತಪ್ಪಿರಬೇಕು ಅಂದುಕೊಂಡೆ. ಹಸಿರಿನವನು ಹೊಡೆದದ್ದು ಕಂಬಕ್ಕೆ ತಾಗಿ ಹೊರಗೆ ಹೋಯಿತು. ತಂಡದವರು ಗೋಡೆಯನ್ನು ಬೈದರು. ಮತ್ತೆ ಚೆಂಡು ಬಂತು. ಮತ್ತೆ ಅದೇ ತಡವರಿಕೆ, ಮತ್ತೆ ಹಸಿರಂಗಿಗೇ ಪಾಸ್. ಈ ಸಲ ಗೋಲಾಯಿತು.

ಎಲ್ಲರ ಪರದೆಯಲ್ಲೂ ಹೊಡೆದವನು ಕುಣಿಯುತ್ತಿದ್ದ. ನಾನು ಹಿಂದಕ್ಕೆ ತಿರುಗಿದೆ.

ಗೋಲ್‌ಕೀಪರ್ ಬಲೆಯ ಕಡೆ ಮುಖ ಮಾಡಿ ನಿಂತಿದ್ದರು.

ಸೀಟಿ ಕೇಳಿಸಿತು. ತಿರುಗಲಿಲ್ಲ. ಯಾರೋ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಮುನಿಸಿಕೊಂಡ ಗಂಡ ಗೋಡೆಗೆ ಮುಖ ಮಾಡಿ ನಿಂತಂತೆ, ಕೈ ಇಳಿಬಿಟ್ಟು, ಹಾಗೇ ನಿಂತಿದ್ದರು.

"ಅಕ್ಕ," ಅಂದಳು ಆಕೆ. "ಇವರೇ. ಇವರೇ ನಮ್ಮನೆಯವರು."

ನನಗೂ ಕಣ್ಣು ತುಂಬಿ ಬಂತು. ಬದುಕಿದ್ದಾರೆ. ಎಲ್ಲೋ ಒಂದು ಕುರ್ಚಿಯ ಮೇಲೆ ಕೂತು, ಕಂಟ್ರೋಲರ್ ಹಿಡಿದು, ಉಸಿರಾಡುತ್ತಿದ್ದಾರೆ. ಆಕೆ ಕುರ್ಚಿಯ ಬೆನ್ನು ಬಿಟ್ಟು ಅಂಗಡಿಯ ಕಡೆ ಓಡಿದ್ದು ಕೇಳಿಸಿತು. ಓಡಲಿ, ಅತ್ತು ಬರಲಿ ಎಂದುಕೊಂಡೆ.

ಆಮೇಲೆ ಒಂದು ಪ್ರಶ್ನೆ ಎದ್ದಿತು.

ನಿನ್ನೆಯವರೆಗೆ ತಪ್ಪದ ಕೈ ಇವತ್ತೇ ಯಾಕೆ ತಪ್ಪಿತು? ಹಸಿರಿನವರಿಗೆ ಪಾಸ್ ಕೊಟ್ಟರೆ ಅವರೇ ಎಂದು ನಂಬುತ್ತೇನೆ ಎಂದು ನಾನು ಹೊರಗಿನ ಒಬ್ಬನಿಗೆ ಮಾತ್ರ ಹೇಳಿದ್ದೆ. ಬರೀ ಪಾಸ್ ಆಗಿದ್ದರೆ ಯಾರು ಬೇಕಾದರೂ ಬೇಕೆಂದೇ ತಪ್ಪಾಗಿ ಕೊಡಬಹುದಿತ್ತು. ಆದರೆ ಮುನಿಸಿನ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಮುಂದೆ ನಿಂತು ಆಡುವ ಕ್ಯಾಪ್ಟನ್ ಹಿಂದಿನ ಬಲೆಯ ಕಡೆ ನೋಡಿದವನೂ ಅಲ್ಲ. ಅಂದರೆ ಕಂಟ್ರೋಲರ್ ಹಿಡಿದಿರುವವರು ಬೀಗದ ಅಂಗಡಿಯವರೇ. ಅವರನ್ನು ಇವತ್ತು ತಂದು ಕೂರಿಸಿದವನು ನಾನು ಯಾರಿಗೆ ಹೇಳಿದ್ದೆನೋ ಅವನೇ.

ಕಪ್ಪಿಗಾಗಿ ಪ್ರಾಣ ಬಿಡುವ ಮನುಷ್ಯ, ಎಡ ಬಲ ತಿಳಿಯದ ನನ್ನನ್ನು ಇಂಥ ಪಂದ್ಯದಲ್ಲಿ ಗೋಲಿನ ಮುಂದೆ ನಿಲ್ಲಿಸಿದ್ದ. ಆಗಲೇ ನನಗೆ ಹೊಳೆಯಬೇಕಿತ್ತು. ಅವನಿಗೆ ಬೇಕಾಗಿದ್ದದ್ದು ಗೆಲುವಲ್ಲ, ನನ್ನ ಕಣ್ಣು.

ಟೀಯೂ ನೆನಪಾಯಿತು. ನಾನು ಬರುತ್ತೇನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಟ್ರೇಯಲ್ಲಿ ಎರಡು ಲೋಟಗಳಿದ್ದವು. ಗಾಜಿನ ಕೋಣೆಯಲ್ಲಿ ಕೂರುವವನು ಒಬ್ಬನೇ. ಪಕ್ಕದಲ್ಲೇ ಮೇಲಂತಸ್ತಿಗೆ ಹೋಗುವ ಮೆಟ್ಟಿಲು. ಕೆಂಪಂಗಿಯ ಹಂತದಲ್ಲಿ ಕಪ್ ತಪ್ಪೀತೆಂದು, ಬಾಗಿಲು ತೆಗೆಯುವ ನೆಪದಲ್ಲಿ ಕರೆಸಿ ಅವರನ್ನು ಮೇಲೆ ಕೂಡಿಹಾಕಿ, ಅವರ ಹೆಸರಿನಲ್ಲಿ ಬೇರೆಯವನನ್ನು ಆಡಿಸುತ್ತಿದ್ದಿರಬೇಕು.

ಇವತ್ತು ಮಧ್ಯಾಹ್ನ ನಾನು ಕುಡಿದದ್ದು ಅವರ ಪಾಲಿನ ಟೀ.

"ಚಿಕ್ಕಮ್ಮ," ಎಂದಿತು ಹೆಡ್‌ಫೋನಿನಲ್ಲಿ ಕ್ಯಾಪ್ಟನ್‌ನ ಮೆತ್ತಗಿನ ದನಿ. ಅದರ ಹಿಂದೆ ಬುಸ್ಸೆಂದು ಹಬೆಯ ಸದ್ದು. "ಸಮಾಧಾನ ಆಯ್ತಾ?"

ಆಯಿತು ಎನ್ನಬೇಕಿತ್ತು. ನಗುತ್ತಾ ಹೇಳಬೇಕಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಆಕೆಯ ದನಿ ಕೇಳಿತು. ಓಡಿದ್ದು ಅಳುವುದಕ್ಕಲ್ಲ, ಫೋನು ತರುವುದಕ್ಕೆ.

"ಸಾರ್, ನಾನು, ಬೀಗದ ಅಂಗಡಿಯಿಂದ. ಹೌದು ಸಾರ್, ಅವರೇ ಆಡ್ತಿರೋದು. ನಾನೇ ತಪ್ಪು ತಿಳ್ಕೊಂಡಿದ್ದೆ. ಚೆನ್ನಾಗಿದ್ದಾರೆ ಸಾರ್, ಬದುಕಿದ್ದಾರೆ." ಅಳುವೂ ನಗುವೂ ಒಟ್ಟಿಗೇ ಬರುತ್ತಿತ್ತು. "ಆಯ್ತು ಸಾರ್. ಫೈಲ್ ಮುಚ್ಚಿಬಿಡಿ."

ನಾನು ಎದ್ದು ಫೋನಿಗೆ ಕೈ ಹಾಕಿದೆ. ಹೆಡ್‌ಫೋನಿನ ವೈರು ಜಗ್ಗಿ ಕಂಟ್ರೋಲರ್ ನೆಲಕ್ಕೆ ಬಿತ್ತು. ಆಕೆ ಗಾಬರಿಯಿಂದ ನನ್ನ ಮುಖ ನೋಡಿದಳು. ಫೋನಿನ ಆ ತುದಿಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಆಗಲೇ ಇಟ್ಟುಬಿಟ್ಟಿದ್ದರು.

ನನ್ನ ಮೈಕಿನ ಪುಟ್ಟ ದೀಪ ಉರಿಯುತ್ತಲೇ ಇತ್ತು. ಅದನ್ನು ಆರಿಸುವ ಗುಂಡಿ ಯಾವುದೆಂದು ನಾನು ಕಲಿತೇ ಇರಲಿಲ್ಲ.

"ಒಳ್ಳೇದಾಯ್ತು ಚಿಕ್ಕಮ್ಮ," ಎಂದ ಕ್ಯಾಪ್ಟನ್. "ಪೊಲೀಸರಿಗೂ ಹೇಳ್ಬಿಟ್ರಲ್ಲ."

ಪರದೆಯ ಮೇಲೆ, ಬಲೆಗೆ ಮುಖ ಮಾಡಿ ನಿಂತಿದ್ದ ಗೋಲ್‌ಕೀಪರ್ ಇದ್ದಕ್ಕಿದ್ದಂತೆ ಮಾಯವಾದರು. ಅವರಿದ್ದ ಜಾಗದಲ್ಲಿ ಹುಲ್ಲು ಮಾತ್ರ ಉಳಿಯಿತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಮೂಡಿತು: 'ಗೋಡೆ ಆಟ ಬಿಟ್ಟು ಹೋಗಿದ್ದಾರೆ.'

ಇನ್ನು ಅವರು ಆಡುವ ಅಗತ್ಯ ಯಾರಿಗೂ ಇರಲಿಲ್ಲ.